ಧ್ವನಿಯ ರೂಪಾಂತರವೂ ನಮ್ಮ ಹೊಣೆಯೂ

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ನಮ್ಮ ಹಿರಿಯರು ಅನುಭವದಿಂದ ಆಡಿದ ನುಡಿ. ಈ ನುಡಿಯ ಎರಡನೆಯ ಅರ್ಧ ಇಂದಿಗೂ ನಿಜವಾಗಿಯೇ ಉಳಿದಿದೆ. ಮೊದಲನೆಯ ಅರ್ಧವನ್ನು ಮಾತ್ರ ವಿಜ್ಞಾನವು 1877ರಲ್ಲಿ ಸುಳ್ಳಾಗಿಸಿತು. ಆ ವರ್ಷ ಅಮೆರಿಕೆಯ ತಾಮಸ್ ಎಡಿಸನ್ ತವರದ ಹಾಳೆ ಸುತ್ತಿದ ಉರುಳೆಯೊಂದರ ಮೇಲೆ ತನ್ನ ದನಿಯನ್ನು ಅಚ್ಚೊತ್ತಿ, ಅದನ್ನೇ ತಿರುಗಿ ಕೇಳಿದನು. ಅಂದಿನಿಂದ ಆಡಿದ ಮಾತು ಹೋಗದೆ ಉಳಿಯುವುದು ಸಾಧ್ಯವಾಯಿತು. ಆದರೆ ಹಾಗೆ ಉಳಿದ ಮಾತನ್ನು ನಾವೇ ಕೈಯಾರೆ ಕೆಡಿಸಿಕೊಳ್ಳುವ ಹೊಸ ದಾರಿಯೊಂದು ಈಚಿನ ವರ್ಷಗಳಲ್ಲಿ ತೆರೆದಿದೆ. ಧ್ವನಿಯ ಫೈಲನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಪುಕ್ಕಟೆಯಾಗಿ ಬದಲಾಯಿಸಿಕೊಡುವ ಅಂತರಜಾಲದ ತಾಣಗಳನ್ನು ನಾವು ಬಳಸುತ್ತಿರುವ ಬಗೆಯೇ ಆ ದಾರಿ. ಇದನ್ನು ಕುರಿತ ನನ್ನ ಅಭಿಪ್ರಾಯವನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಇದೆಲ್ಲ ವಿಜ್ಞಾನದ ವಿದ್ಯಾರ್ಥಿಗಳು ಚಿಂತಿಸಬೇಕಾದ ವಿಷಯ, ಕಲಾ ಕಾಲೇಜಿನವರಾದ ನಮಗೆ ಇದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ನನ್ನ ಮಟ್ಟಿಗೆ ಇದು ವಿಜ್ಞಾನದವರಿಗಿಂತ ನಮಗೇ ಹೆಚ್ಚು ಸೇರಿದ್ದು. ಕನ್ನಡ ಐಚ್ಛಿಕ ತರಗತಿಯವರು ಜಾನಪದವನ್ನು ಸಂಗ್ರಹಿಸುತ್ತಾರೆ. ಇತಿಹಾಸದವರು ಊರ ಹಿರಿಯರ ನೆನಪುಗಳನ್ನು ಕೇಳಿ ಬರೆದುಕೊಳ್ಳುತ್ತಾರೆ. ಸಮಾಜಶಾಸ್ತ್ರದವರು ತೋಟದ ಲೈನುಗಳಿಗೆ ಹೋಗಿ ಕೂಲಿಗಾರರನ್ನು ಮಾತನಾಡಿಸುತ್ತಾರೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋದವರು ರಾತ್ರಿಯ ಹೊತ್ತು ಹಳ್ಳಿಯ ಹಾಡುಗಾರರ ಎದುರಿಗೆ ಕುಳಿತಿರುತ್ತಾರೆ. ಹಿಂದೆ ಈ ಕೆಲಸಕ್ಕೆಲ್ಲ ಒಂದು ಸೀಸದಕಡ್ಡಿ, ಒಂದು ನೋಟುಬುಕ್ಕು ಸಾಕಾಗಿದ್ದವು. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಮೊಬೈಲು ಇರುವುದರಿಂದ ನಾವೆಲ್ಲರೂ ಧ್ವನಿಮುದ್ರಕರೇ ಆಗಿದ್ದೇವೆ. ಸಾಧನ ಕೈಗೆ ಬಂದಿದೆ. ಸಾಧನವನ್ನು ಬಳಸುವ ವಿವೇಕ ಅದರ ಹಿಂದೆಯೇ ಬಂದಿಲ್ಲ.

ನಮ್ಮ ಜಿಲ್ಲೆಯಲ್ಲಿ ಮುದ್ರಿಸಿ ಇಡಬೇಕಾದುದಂತೂ ಬೆಟ್ಟದಷ್ಟಿದೆ. ಮದುವೆಯ ಮನೆಯ ಸೋಬಾನೆ, ತೊಟ್ಟಿಲ ಜೋಗುಳ, ದೀಪಾವಳಿಯಲ್ಲಿ ಮನೆಮನೆಗೆ ದೀಪ ಹೊತ್ತು ಬರುವ ಅಂಟಿಗೆ-ಪಂಟಿಗೆಯವರ ಪದ, ನಾಟಿಯ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಹೆಂಗಸರು ಒಬ್ಬರಿಗೊಬ್ಬರು ಎತ್ತಿಕೊಡುತ್ತಿದ್ದ ಹಾಡು, ಇವೆಲ್ಲ ಮಲೆನಾಡಿನ ಆಸ್ತಿ. ಈಗ ಎಷ್ಟೋ ಗದ್ದೆಗಳು ಅಡಕೆಯ ತೋಟಗಳಾಗಿವೆ. ಎಷ್ಟೋ ಗದ್ದೆಗಳು ಬೀಳುಬಿದ್ದಿವೆ. ಗದ್ದೆಯೇ ಇಲ್ಲದ ಮೇಲೆ ಗದ್ದೆಯ ಪದವನ್ನು ಹಾಡುವ ಸಂದರ್ಭವಾದರೂ ಎಲ್ಲಿ ಬರಬೇಕು? ಅದನ್ನು ಬಲ್ಲವರು ಎಪ್ಪತ್ತು ಎಂಬತ್ತು ದಾಟಿದವರು. ಹಾಡುಗಳ ಮಾತು ಹಾಗಿರಲಿ. ಬರಿಯ ಮಾತುಗಳನ್ನೇ ತೆಗೆದುಕೊಂಡರೂ ನಮ್ಮ ಸಂಪತ್ತು ಕಡಿಮೆಯದಲ್ಲ. ಮೂಡಿಗೆರೆ, ಕಳಸದ ಕಡೆ ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ ಮಾತುಗಳಿವೆ. ಕಡೂರು, ತರೀಕೆರೆಯ ತಾಂಡಾಗಳಲ್ಲಿ ಲಂಬಾಣಿಯಿದೆ. ಕಾಫಿ ತೋಟದ ಲೈನುಗಳಲ್ಲಿ ತಮಿಳಿನಿಂದ ಹಿಡಿದು ಈಚೆಗೆ ಬಂದವರ ಅಸ್ಸಾಮಿಯವರೆಗೆ ನಾನಾ ಭಾಷೆಗಳು ಕೇಳಿಬರುತ್ತವೆ.

ಈ ಬಗೆಯ ಕೆಲಸ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿದರೆ ಸಿಗುವುದೇ ಬೆಳ್ತಂಗಡಿ ತಾಲ್ಲೂಕು. ಅಲ್ಲಿನ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಕಾವ್ಯವನ್ನು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು, ನಮ್ಮವರಾದ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರೊಡಗೂಡಿ, ಹಲವು ದಿನ ಕುಳಿತು ಮುದ್ರಿಸಿಕೊಂಡರು. ಆ ಮುದ್ರಣದಿಂದ ಬರೆದು ತೆಗೆದ ಸಾಲುಗಳು 15,683. ಅದು 1998ರಲ್ಲಿ ಹೆಲ್ಸಿಂಕಿಯಿಂದ ಗ್ರಂಥರೂಪವಾಗಿ ಹೊರಬಂದಿತು. ಮುದ್ರಿಸಿದ್ದು ಒಂದು ವರ್ಷ, ಅಚ್ಚಾದದ್ದು ಎಂಟು ವರ್ಷಗಳ ನಂತರ. ಈ ನಡುವಣ ಅವಧಿಯಲ್ಲಿ ವಿದ್ವಾಂಸರು ಮತ್ತೆ ಮತ್ತೆ ಹಿಂದಿರುಗಿ ಕಿವಿಗೊಡಬೇಕಾಗಿದ್ದುದು ಆ ಮೂಲ ಮುದ್ರಣಕ್ಕೆ ತಾನೆ? ಅದರಂತೆಯೇ ಎಚ್. ಎಲ್. ನಾಗೇಗೌಡರು ನಾಡಿನ ಕಲಾವಿದರ ಹಾಡುಗಳನ್ನು ಧ್ವನಿಮುದ್ರಿಸಿ ಕಾಪಾಡಿದುದರ ಫಲವನ್ನು 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕದಲ್ಲಿ ಕಾಣಬಹುದು. ಅವರಿಗೆ ಇದ್ದದ್ದು ಭಾರವಾದ ಯಂತ್ರ, ದುಬಾರಿಯಾದ ಟೇಪು. ಆದುದರಿಂದಲೇ ಮುದ್ರಿಸಿದ್ದನ್ನು ಅಂದಿನವರು ಚಿನ್ನದಂತೆ ನೋಡಿಕೊಂಡರು. ನಮಗೆ ಎಲ್ಲವೂ ಸುಲಭವಾಗಿ ದೊರೆತಿದೆ. ಆದ್ದರಿಂದಲೇ ನಮಗೆ ಬೆಲೆ ತಿಳಿದಿಲ್ಲವೋ ಏನೋ!

ಈಗ ಫೈಲಿನ ರೂಪವೆಂದರೇನು ಎಂಬುದನ್ನು ಸ್ವಲ್ಪ ನೋಡೋಣ. ಗಣಕಯಂತ್ರಕ್ಕೆ ಧ್ವನಿ ತಿಳಿಯದು, ಅಂಕಿಗಳು ಮಾತ್ರ ತಿಳಿಯುತ್ತವೆ. ಆದ್ದರಿಂದ ಅದು ಧ್ವನಿಯ ಅಲೆಯ ಎತ್ತರವನ್ನು ಕ್ಷಣಕ್ಷಣಕ್ಕೂ ಅಳೆದು ಬರೆದುಕೊಳ್ಳುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ ನಡೆಯುತ್ತದೆ; ಪ್ರತಿಯೊಂದು ಅಳತೆಗೂ 65,536 ಮೆಟ್ಟಿಲುಗಳಿವೆ. ಎಡ ಬಲ ಎರಡು ಕಿವಿಗೂ ಸೇರಿ ಒಂದು ನಿಮಿಷದ ಧ್ವನಿಗೆ ಒಂದು ಕೋಟಿ ಬೈಟುಗಳಿಗೂ ಮಿಕ್ಕಿ ಜಾಗ ಬೇಕು. ಒಂದು ಗಂಟೆಗೆ 63 ಕೋಟಿ ದಾಟುತ್ತದೆ. ಈ ಅಂಕಿಗಳನ್ನು ಇದ್ದಂತೆಯೇ ಇಡುವ ಫೈಲಿಗೆ ವೇವ್ ಎಂದು ಹೆಸರು. ಒಂದು ಅಂಕಿಯನ್ನೂ ಕಳೆಯದೆ, ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಂತೆ ಇಡುವ ರೂಪವೂ ಒಂದುಂಟು. 2001ರಲ್ಲಿ ಬಂದ ಫ್ಲ್ಯಾಕ್ ಈ ಜಾತಿಯದು. ಬಿಚ್ಚಿದರೆ ಮೊದಲಿದ್ದ ಬಟ್ಟೆಯೇ ಸಿಗುತ್ತದೆ.

ಮೂರನೆಯ ಜಾತಿಯದೇ ಬೇರೆ. ಅದರ ಪ್ರಸಿದ್ಧ ಪ್ರತಿನಿಧಿ ಎಂಪಿ3. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮೊದಲಾದವರು ಇದನ್ನು ರೂಪಿಸಿದರು. 1995ರಲ್ಲಿ ಇದಕ್ಕೆ ಈಗಿನ ಹೆಸರು ಬಂದಿತು. ಇದರ ತಂತ್ರ ಬಹು ಜಾಣತನದ್ದು. ಡೊಳ್ಳಿನ ಪೆಟ್ಟು ಬಿದ್ದಾಗ ಪಕ್ಕದವರ ಪಿಸುಮಾತು ನಮ್ಮ ಕಿವಿಗೆ ಕೇಳಿಸುವುದಿಲ್ಲವಷ್ಟೆ. ಹಾಗೆ ಕಿವಿಗೆ ಹೇಗೂ ಕೇಳಿಸದಿರುವುದನ್ನು ಫೈಲಿನಲ್ಲಿ ಏಕೆ ಇಡಬೇಕು ಎಂದು ಅದನ್ನು ಎಸೆದುಬಿಡುವುದೇ ಈ ತಂತ್ರ. ಸಾಮಾನ್ಯವಾಗಿ ಬಳಸುವ 128 ಕಿಲೋಬಿಟ್ ದರದಲ್ಲಿ ಒಂದು ನಿಮಿಷಕ್ಕೆ ಹತ್ತು ಲಕ್ಷ ಬೈಟುಗಳೂ ಬೇಕಾಗುವುದಿಲ್ಲ; ಮೂಲದ ಹನ್ನೊಂದರಲ್ಲಿ ಒಂದು ಪಾಲು ಸಾಕು. ಉಳಿದ ಹತ್ತು ಪಾಲು ಏನಾಯಿತು? ಹೋಯಿತು. ಎಂಪಿ3ಯನ್ನು ತಿರುಗಿ ವೇವ್ ಮಾಡಿದರೆ ಫೈಲಿನ ಗಾತ್ರ ಹಿಗ್ಗುತ್ತದೆಯೇ ಹೊರತು ಹೋದದ್ದು ಹಿಂದಿರುಗಿ ಬರುವುದಿಲ್ಲ. ಹುರಿದ ಕಾಫಿ ಮತ್ತೆ ಹಸಿಬೀಜವಾಗದು ಎಂಬುದನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಎಂಪಿ3ಯನ್ನು ಇನ್ನೊಂದು ರೂಪಕ್ಕೆ, ಅದನ್ನು ಮತ್ತೊಂದಕ್ಕೆ ಎಂದು ದಾಟಿಸುತ್ತ ಹೋದರೆ ಪ್ರತಿಯೊಂದು ದಾಟಿನಲ್ಲಿಯೂ ಮತ್ತಷ್ಟು ಸೋರಿಹೋಗುತ್ತದೆ.

ಸಿನಿಮಾ ಹಾಡಿಗೆ ಈ ಸೋರಿಕೆಯಿಂದ ಅಂಥ ನಷ್ಟವೇನೂ ಇಲ್ಲ. ಅದರ ಮೂಲ ಬೇರೆ ಕಡೆ ಭದ್ರವಾಗಿರುತ್ತದೆ. ನಾವು ಹಳ್ಳಿಯಲ್ಲಿ ಮುದ್ರಿಸಿದ್ದಕ್ಕೆ ನಮ್ಮ ಕೈಲಿರುವುದೇ ಮೂಲ. ಅದೂ ಎಂಥ ಸ್ಥಿತಿಯಲ್ಲಿ ಮುದ್ರಿತವಾದದ್ದು? ಹೆಂಚಿನ ಮೇಲೆ ಮಳೆ ಸುರಿಯುತ್ತಿರುತ್ತದೆ, ಹೊರಗೆ ಜೀರುಂಡೆ ಕೂಗುತ್ತಿರುತ್ತದೆ, ಒಳಗೆ ಅಜ್ಜಿಯೊಬ್ಬರು ಸಣ್ಣ ದನಿಯಲ್ಲಿ ಹಾಡುತ್ತಿರುತ್ತಾರೆ. ಮಳೆಯಂಥ ಸದ್ದನ್ನು ಕುಗ್ಗಿಸುವುದು ಈ ರೂಪಗಳಿಗೆ ಬಲು ಕಷ್ಟ. ಕಡಿಮೆ ದರಕ್ಕೆ ಇಳಿಸಿದಾಗ ಮಳೆಯೂ ದನಿಯೂ ಕಲಸಿಹೋಗಿ ಅಜ್ಜಿ ನೀರಿನೊಳಗೆ ಕುಳಿತು ಹಾಡಿದಂತೆ ಕೇಳಿಸುತ್ತದೆ.

ಭಾಷೆಯ ವಿದ್ಯಾರ್ಥಿಗಳಿಗೆ ಇನ್ನೂ ಸೂಕ್ಷ್ಮವಾದ ನಷ್ಟವೊಂದುಂಟು. ಹಳೆಯ ಮೊಬೈಲುಗಳು ಮಾತನ್ನು ಎ.ಎಂ.ಆರ್. ಎಂಬ ರೂಪದಲ್ಲಿ ಮುದ್ರಿಸುತ್ತಿದ್ದವು. ಅದರ ಸಾಮಾನ್ಯ ಬಗೆಯಲ್ಲಿ ಅಳತೆ ನಡೆಯುವುದು ಸೆಕೆಂಡಿಗೆ 8,000 ಸಲ ಮಾತ್ರ. ಅಳತೆಯ ಅರ್ಧಕ್ಕಿಂತ ಹೆಚ್ಚಿನ ಕಂಪನಗಳು ಮುದ್ರಣದಲ್ಲಿ ನಿಲ್ಲಲಾರವು ಎಂಬುದು ನಿಯಮ. ಎಂದರೆ 4,000 ಕಂಪನಗಳಿಂದಾಚೆಗಿನದೆಲ್ಲ ಅಲ್ಲಿ ಇಲ್ಲವೇ ಇಲ್ಲ. ಆದರೆ ಸಕಾರದ ಉಸಿರಿನ ಬಹುಭಾಗ ಇರುವುದು ಆ ಗಡಿಯ ಆಚೆಗೇ! ಸಕಾರ ಶಕಾರಗಳನ್ನು ಬೆರೆಸಿದ್ದಕ್ಕಾಗಿ ಕನ್ನಡ ತರಗತಿಯಲ್ಲಿ ನಾವು ಎಷ್ಟು ಸಲ ತಿದ್ದಿಸಿಕೊಂಡಿದ್ದೇವೆಯೋ ಲೆಕ್ಕವಿಲ್ಲ. ಮುಂದೆ ನಮ್ಮ ಜಿಲ್ಲೆಯ ಆಡುಮಾತನ್ನು ಅಭ್ಯಾಸ ಮಾಡುವವನು ಬಂದು, ಕಳಸದ ಕಡೆಯ ಅಜ್ಜಿ ಇಲ್ಲಿ ಉಚ್ಚರಿಸಿದ್ದು ಸಕಾರವೋ ಶಕಾರವೋ ಎಂದು ಕೇಳಿದರೆ, ಕತ್ತರಿಸಿದ ಫೈಲು ಅವನಿಗೆ ಏನು ಉತ್ತರ ಕೊಟ್ಟೀತು? ಇಂದಿನ ಮೊಬೈಲುಗಳು ಚೆನ್ನಾಗಿಯೇ ಮುದ್ರಿಸುತ್ತವೆ, ನಿಜ. ಆದರೆ ಚೆನ್ನಾಗಿ ಮುದ್ರಿತವಾದದ್ದನ್ನು, ತಾಣದಲ್ಲಿ ತೋರಿಸಿದ ಅತಿ ಸಣ್ಣ ಗಾತ್ರವನ್ನು ಆರಿಸಿ, ನಾವೇ ಆ ಹಳೆಯ ಕಾಲಕ್ಕೆ ಹಿಂದೂಡುತ್ತಿದ್ದೇವೆ.

ಹಾಗಾದರೆ ರೂಪಾಂತರವೇ ಕೂಡದೆಂದು ನನ್ನ ವಾದವೇ? ಖಂಡಿತ ಅಲ್ಲ. ರೂಪಾಂತರವಿಲ್ಲದೆ ಉಳಿವೇ ಇಲ್ಲ. ಫಿಲಿಪ್ಸ್ ಕಂಪೆನಿಯವರು 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮ ಮನೆಗಳ ಅಟ್ಟದ ಮೇಲೆ ಇನ್ನೂ ಇದೆ. ಅದನ್ನು ನುಡಿಸುವ ಯಂತ್ರ ಇಲ್ಲ. ಮಳೆಗಾಲದ ಮಲೆನಾಡಿನಲ್ಲಿ ಗೋಡೆಗೆ ತೂಗುಹಾಕಿದ ಚರ್ಮದ ಚೀಲಕ್ಕೂ ಬೂಷ್ಟು ಹಿಡಿಯುತ್ತದೆ, ಟೇಪಿಗೆ ಹಿಡಿಯದೆ ಇದ್ದೀತೆ? ಅಯಸ್ಕಾಂತದ ಟೇಪುಗಳನ್ನು ಬೇಗನೆ ಅಂಕಿಯ ರೂಪಕ್ಕೆ ತರದಿದ್ದರೆ ಅವು ಕೈಬಿಟ್ಟಂತೆಯೇ ಎಂದು 2019ರಲ್ಲಿ ಯುನೆಸ್ಕೊ ಲೋಕಕ್ಕೆಲ್ಲ ಎಚ್ಚರಿಕೆ ಕೊಟ್ಟಿತು. ಅಂಕಿಯ ರೂಪಗಳೂ ಚಿರಾಯುಗಳಲ್ಲ. 1995ರಲ್ಲಿ ಬಂದು ಕೆಲವು ಕಾಲ ಮೆರೆದ ರಿಯಲ್‌ಆಡಿಯೋ ಫೈಲನ್ನು ಇಂದು ಮೊಬೈಲಿನಲ್ಲಿ ತೆರೆಯಲು ಹೋದರೆ ಅದು ಮಿಸುಕುವುದಿಲ್ಲ. ಕನ್ನಡಿಗರಿಗೆ ಈ ಪಾಡು ಅಕ್ಷರದ ವಿಷಯದಲ್ಲಿ ಚೆನ್ನಾಗಿ ಗೊತ್ತು. ಹಳೆಯ ಬರಹ, ನುಡಿ, ಶ್ರೀಲಿಪಿಗಳ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟದ್ದು ಬೇರೆ ಗಣಕದಲ್ಲಿ ತೆರೆದಾಗ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದನ್ನು ಯಾರು ಅನುಭವಿಸಿಲ್ಲ? ಅದನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳನ್ನು ಕೂತು ತಿದ್ದಬೇಕು. ಅಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ, ತಿದ್ದುತ್ತೇವೆ. ಧ್ವನಿಯಲ್ಲಾದ ಕೊರತೆ ಕಾಣುವುದಿಲ್ಲ. ಆದ್ದರಿಂದಲೇ ಅದು ಹೆಚ್ಚು ಅಪಾಯಕರ. ನನ್ನ ವಾದವಿಷ್ಟೆ: ರೂಪಾಂತರವನ್ನು ನಕಲಿಗೆ ಮಾಡಿ, ಮೂಲಕ್ಕೆ ಮಾಡಬೇಡಿ, ಮತ್ತು ಅದನ್ನು ನಿಮ್ಮ ಕಣ್ಣೆದುರಿನಲ್ಲಿಯೇ ಮಾಡಿ.

ಎರಡನೆಯ ಮಾತನ್ನು ಸ್ವಲ್ಪ ವಿವರಿಸಬೇಕು. ಪುಕ್ಕಟೆಯ ತಾಣಕ್ಕೆ ಫೈಲನ್ನು ಏರಿಸುವುದೆಂದರೆ ಅದು ಯಾವುದೋ ದೇಶದ, ಯಾರದೋ ಗಣಕಕ್ಕೆ ಹೋಗುವುದೆಂದೇ ಅರ್ಥ. ಕೆಲವು ಗಂಟೆಗಳಲ್ಲಿ ಅಳಿಸಿಬಿಡುತ್ತೇವೆ ಎಂದು ಎಷ್ಟೋ ತಾಣಗಳು ಬರೆದುಕೊಂಡಿರುತ್ತವೆ. ಬರೆದಂತೆ ನಡೆಯುವವರೂ ಇರಬಹುದು. ನಡೆದರೆಂದು ನಾವು ತಿಳಿಯುವ ಬಗೆ ಯಾವುದು? ನಮ್ಮ ಬೆಳೆಗಾರರು ಕ್ಯೂರಿಂಗ್ ವರ್ಕ್ಸಿಗೆ ಒಂದು ಮೂಟೆ ಪಾರ್ಚ್‌ಮೆಂಟು ಕಳುಹಿಸಿದರೂ ತೂಕ ಬರೆಸಿ ರಸೀದಿ ಪಡೆಯುತ್ತಾರೆ. ಎಷ್ಟು ಕೊಟ್ಟಿತು, ಎಷ್ಟು ಬಂದಿತು ಎಂದು ಲೆಕ್ಕ ನೋಡುತ್ತಾರೆ. ಅದೇ ಮನೆಯ ಮಕ್ಕಳಾದ ನಾವು ಅಜ್ಜಿಯ ದನಿಯನ್ನು ಹೆಸರೂ ಗೊತ್ತಿಲ್ಲದವರ ಕೈಗೆ ರಸೀದಿಯಿಲ್ಲದೆ ಒಪ್ಪಿಸುತ್ತೇವೆ! ಈ ತಾಣಗಳ ಸೋಗಿನಲ್ಲಿ ಮೋಸಗಾರರು ಜನರ ಗಣಕಗಳಿಗೆ ಕೇಡಿನ ತಂತ್ರಾಂಶವನ್ನು ನುಗ್ಗಿಸುತ್ತಿದ್ದಾರೆಂದು ಅಮೆರಿಕೆಯ ಎಫ್.ಬಿ.ಐ. ಇಲಾಖೆಯು 2025ರ ಮಾರ್ಚಿಯಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಅಲ್ಲಿಯ ಜನಕ್ಕೆ ಹೇಳಿದ ಮಾತು ನಮಗೂ ಸಲ್ಲುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಒಪ್ಪಿಗೆಯದು. ಅಜ್ಜಿ ಹಾಡಿದ್ದು ನಮ್ಮ ಮೇಲಿನ ವಿಶ್ವಾಸದಿಂದ. ತೋಟದ ಕೂಲಿಗಾರನೊಬ್ಬ ತನ್ನ ಸಂಬಳದ ಸಂಗತಿ, ಸಾಲದ ಸಂಗತಿ ಹೇಳಿಕೊಂಡದ್ದು ನಮ್ಮ ಕಿವಿಗೆ. ಅದು ಮೂರನೆಯವರ ಯಂತ್ರಕ್ಕೆ ಹೋಗಬಹುದೆಂದು ಅವರಿಗೆ ಹೇಳಿದ್ದೇವೆಯೇ? ಕೆಲವೇ ಸೆಕೆಂಡುಗಳ ಮಾತು ಸಿಕ್ಕಿದರೆ ಒಬ್ಬರ ದನಿಯನ್ನು ಯಂತ್ರವೇ ಅನುಕರಿಸುವ ಕಾಲ ಇದು. ದನಿಯೂ ಇಂದು ಬೆಲೆಯುಳ್ಳ ಸರಕು. ಮನುಷ್ಯನಿಗೆ ಸಂಬಂಧಿಸಿದ ಮಾಹಿತಿಯನ್ನು ಅವನ ಒಪ್ಪಿಗೆ ಪಡೆದು ಬಳಸಬೇಕೆಂಬ ತತ್ತ್ವವನ್ನು ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಅಂಗೀಕರಿಸಿದೆ. ಕಾನೂನಿನ ಮಾತು ಹೇಗೇ ಇರಲಿ, ಕಾಫಿ ಕೊಟ್ಟು, ಚಾಪೆ ಹಾಸಿ, ಹಾಡಿ ಕಳುಹಿಸಿದವರಿಗೆ ನಾವು ತೋರಬೇಕಾದ ಮರ್ಯಾದೆಯೊಂದಿದೆಯಲ್ಲ!

ಇದು ಬರಿಯ ಊಹೆಯ ಮಾತೆಂದು ತಿಳಿಯಬಾರದು. ನನ್ನ ಪರಿಚಯದ ಗೆಳತಿಯೊಬ್ಬಳು ಕಳಸದ ಆಚೆಯ ತನ್ನ ತವರೂರಿನಲ್ಲಿ ದೊಡ್ಡಮ್ಮನಿಂದ ನಾಟಿಯ ಪದವೊಂದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದಳು. ಯೋಜನಾ ಪ್ರಬಂಧದೊಡನೆ ಸಲ್ಲಿಸಬೇಕಾದ ಫೈಲು ಇಷ್ಟು ಗಾತ್ರಕ್ಕೆ ಮೀರಬಾರದು, ಎಂಪಿ3 ರೂಪದಲ್ಲಿಯೇ ಇರಬೇಕು ಎಂದು ನಿಯಮವಿದ್ದಿತು. ಆಕೆ ಸಿಕ್ಕಿದ ತಾಣವೊಂದರಲ್ಲಿ ಬದಲಾಯಿಸಿಕೊಂಡಳು. ಮೊಬೈಲಿನಲ್ಲಿ ಜಾಗ ಸಾಲದೆಂದು ಮೂಲವನ್ನು ಅಳಿಸಿದಳು. ಹಣ ಕೊಡದವರಿಗೆ ಆ ತಾಣ ಮೊದಲ ಕೆಲವು ನಿಮಿಷಗಳನ್ನು ಮಾತ್ರ ಬದಲಾಯಿಸಿಕೊಡುತ್ತಿತ್ತೆಂಬುದು ತಿಳಿದದ್ದು ಆಮೇಲೆ. ಪ್ರಬಂಧಕ್ಕೆ ಅಂಕಗಳು ಬಂದವು. ದೊಡ್ಡಮ್ಮ ಆ ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡರು. ಪದದ ಮೊದಲ ಮೂರು ನುಡಿಗಳು ಮಾತ್ರ ಉಳಿದುವು. ಮುಂದಿನದು ಆ ಮನೆಯಲ್ಲಿ ಯಾರಿಗೂ ಬಾರದು. ಇದರಲ್ಲಿ ಹುಡುಗಿಯನ್ನು ಹಳಿಯುವುದು ಸುಲಭ. ಆದರೆ ಗಾತ್ರದ ಮಿತಿಯನ್ನು ಹಾಕಿದವರು, ಮೂಲವನ್ನು ಇಟ್ಟುಕೊ ಎಂಬ ಒಂದು ಮಾತನ್ನು ನಿಯಮದ ಕೆಳಗೆ ಸೇರಿಸಿದ್ದರೆ ಆ ಪದ ಉಳಿಯುತ್ತಿತ್ತು.

ನನ್ನ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ನಾನು ಕೇಳಿದ್ದೇನೆ. ‘ಕೇಳಿಸಿದರೆ ಸಾಕಲ್ಲ ಮಾರಾಯ, ಇಷ್ಟೆಲ್ಲ ಯಾಕೆ?’ ಎನ್ನುವವರು ಹಲವರು. ಇಂದು ಕೇಳುವುದಕ್ಕೆ ಸಾಕು, ನಿಜ. ಆದರೆ ಸಂಗ್ರಹವೆಂಬುದು ಇಂದಿಗಾಗಿ ಮಾತ್ರವಲ್ಲ. ನಾಳಿನವನು ಯಾವ ಪ್ರಶ್ನೆಯನ್ನು ಇಟ್ಟುಕೊಂಡು ಬರುತ್ತಾನೆಂದು ನಾವು ಹೇಳಲಾರೆವು. ಇನ್ನು ಕೆಲವರು ಜಾಗದ ತೊಂದರೆ ಹೇಳುತ್ತಾರೆ. ಕೆಲವು ನೂರು ರೂಪಾಯಿಗೆ ದೊರೆಯುವ 64 ಜಿ.ಬಿ.ಯ ಒಂದು ಮೆಮೊರಿ ಕಾರ್ಡಿನಲ್ಲಿ ಸಿ.ಡಿ. ಗುಣಮಟ್ಟದ ವೇವ್ ಧ್ವನಿ 100 ಗಂಟೆ ಹಿಡಿಸುತ್ತದೆ. ನಮ್ಮ ತರಗತಿಯವರೆಲ್ಲ ಸೇರಿ ಒಂದು ವರ್ಷ ಮುದ್ರಿಸಿದರೂ ಅಷ್ಟಾಗುವುದು ಅಪರೂಪ.

ಮೂರನೆಯ ಆಕ್ಷೇಪಣೆ ಹೆಚ್ಚು ಗೌರವಕ್ಕೆ ಅರ್ಹವಾದದ್ದು. ಗಣಕವಿಲ್ಲದ, ಮೊಬೈಲೊಂದನ್ನೇ ನಂಬಿದ ಬಡ ವಿದ್ಯಾರ್ಥಿಗೆ ಪುಕ್ಕಟೆಯ ತಾಣವಲ್ಲದೆ ಬೇರೆ ಗತಿ ಯಾವುದು ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಉಪದೇಶವಲ್ಲ, ಏರ್ಪಾಡು. ಒಂದು ಲೆಕ್ಕ ನೋಡಿ: ಒಂದು ಗಂಟೆಯ ವೇವ್ ಫೈಲನ್ನು ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಏರಿಸಬೇಕಾದರೆ 85 ನಿಮಿಷ ಹಿಡಿಯುತ್ತದೆ. ಗಾಳಿಮಳೆಗೆ ಕರೆಂಟು ಹೋಗಿ, ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಊರುಗಳಲ್ಲಿ ಅದು ಮುಗಿಯುವ ಮಾತಲ್ಲ. ಅದೇ ಕೆಲಸವನ್ನು ಕಾಲೇಜಿನ ಒಂದು ಸಾಮಾನ್ಯ ಗಣಕ, ಅಂತರಜಾಲದ ಹಂಗಿಲ್ಲದೆ, ಒಂದೆರಡು ನಿಮಿಷಗಳಲ್ಲಿ ಮಾಡಿಕೊಡುತ್ತದೆ. ಇದಕ್ಕೆ ಬೇಕಾದ ತಂತ್ರಾಂಶಕ್ಕೆ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಲ್ಲರಿಗೂ ಮುಕ್ತವಾಗಿದೆ. ಎಷ್ಟೋ ತಾಣಗಳ ಹಿಂದೆ ಕೆಲಸ ಮಾಡುತ್ತಿರುವುದೂ ಇದೇ. ಅದೇ ವರ್ಷ ಬಿಡುಗಡೆಯಾದ ಆಡಾಸಿಟಿಯನ್ನು ರೂಪಿಸಿದವರು ಅಮೆರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಮತ್ತು ಒಬ್ಬ ಪ್ರಾಧ್ಯಾಪಕ, ಡಾಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್. ಗುರುಶಿಷ್ಯರು ಕೂಡಿ ಲೋಕಕ್ಕೆ ಕೊಟ್ಟದ್ದನ್ನು ಗುರುಶಿಷ್ಯರು ಕೂಡಿ ಬಳಸಲಾರೆವೆ? ತಾಣವನ್ನೇ ಬಳಸಬೇಕಾಗಿ ಬಂದರೆ, ಫೈಲನ್ನು ಹೊರಗೆ ಕಳುಹಿಸದೆ ನಮ್ಮ ಗಣಕದೊಳಗೇ ಕೆಲಸ ಮುಗಿಸುವ ತಾಣಗಳೂ ಕೆಲವಿವೆ. ಪುಟ ತೆರೆದ ಮೇಲೆ ಅಂತರಜಾಲದ ಸಂಪರ್ಕ ಕಡಿದು, ಯಾವುದಾದರೊಂದು ಬೇಡದ ಫೈಲಿನಿಂದ ಪರೀಕ್ಷಿಸಿ ನೋಡಿದರೆ ಅದರ ನಿಜ ಬಣ್ಣ ತಿಳಿಯುತ್ತದೆ.

ಆದುದರಿಂದ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಸಣ್ಣ ಧ್ವನಿಭಂಡಾರವನ್ನು ತೆರೆಯಬೇಕೆಂಬುದು ನನ್ನ ಸಲಹೆ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಮೊತ್ತದ ಅನುದಾನವೂ ಬೇಡ. ಒಂದು ಗಣಕ, ಎರಡು ಡಿಸ್ಕು, ಒಂದು ರಿಜಿಸ್ಟರು, ಕೆಲಸ ಮಾಡುವ ಒಂದು ಹಳೆಯ ಕ್ಯಾಸೆಟ್ಟು ಯಂತ್ರ, ಇಷ್ಟಿದ್ದರೆ ಆರಂಭಕ್ಕೆ ಸಾಕು. ಎರಡು ಡಿಸ್ಕುಗಳು ಮಾತ್ರ ಒಂದೇ ಬೀರುವಿನಲ್ಲಿ ಇರಕೂಡದು. ಮೊಬೈಲಿನಲ್ಲಿ ವೇವ್ ರೂಪವನ್ನು ಆರಿಸುವ ಅವಕಾಶವಿದ್ದರೆ ಮುದ್ರಿಸುವಾಗಲೇ ಅದನ್ನು ಆರಿಸಬೇಕು. ಮೊಬೈಲು ಎಂ4ಎ ರೂಪದಲ್ಲಿಯೇ ಮುದ್ರಿಸಿದ್ದರೆ ಅದೇ ಮೂಲ. ಅದನ್ನು ಹಿಗ್ಗಿಸದೆ ಕುಗ್ಗಿಸದೆ ಹಾಗೆಯೇ ಇಡಬೇಕು. ವಾಟ್ಸಾಪಿನ ಧ್ವನಿ ಗುಂಡಿಯನ್ನು ಒತ್ತಿ ಹಾಡನ್ನು ಮುದ್ರಿಸುವುದು ಸಲ್ಲದು. ಅದು ಮುದ್ರಿಸುವಾಗಲೇ ಓಪಸ್ ರೂಪಕ್ಕೆ ಹಿಂಡಿಬಿಡುತ್ತದೆ. ಕ್ಯಾಸೆಟ್ಟುಗಳನ್ನು ಅಂಕಿಗೆ ಇಳಿಸುವಾಗ ಸೆಕೆಂಡಿಗೆ 48,000ಕ್ಕೆ ಕಡಿಮೆಯಿಲ್ಲದ, 24 ಬಿಟ್ಟಿನ ಅಳತೆಯನ್ನು ಬಳಸಬೇಕೆಂದು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದವರು ಹೇಳಿದ್ದಾರೆ; ಅದನ್ನು ನಾವೂ ಪಾಲಿಸಬಹುದು. ಹಂಚುವುದಕ್ಕೆ, ಪ್ರಬಂಧದೊಡನೆ ಸಲ್ಲಿಸುವುದಕ್ಕೆ ಎಂಪಿ3 ನಕಲು ಧಾರಾಳವಾಗಿ ಮಾಡಿಕೊಳ್ಳಲಿ. ಅದರ ಪೇಟೆಂಟುಗಳ ಲೈಸೆನ್ಸೂ 2017ರಲ್ಲಿಯೇ ಕೊನೆಗೊಂಡಿರುವುದರಿಂದ ಯಾವ ತೊಡಕೂ ಇಲ್ಲ.

ಫೈಲನ್ನು ಉಳಿಸಿದರೆ ಮಾತ್ರ ಸಾಲದು. ಅದು ಯಾರದೆಂಬುದೂ ಉಳಿಯಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ನಮ್ಮ ದೇಶದ ಮೊದಮೊದಲ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು. ತಟ್ಟೆಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಾಗಿದ್ದಿತು. ಕಡೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ಕಣ್ಮುಚ್ಚಿದ ಆ ಗಾಯಕಿಯ ಪದ್ಧತಿ ನಮಗೆ ಮೇಲ್ಪಂಕ್ತಿಯಾಗಲಿ. ಮುದ್ರಣದ ಆರಂಭದಲ್ಲಿಯೇ ಹಾಡುವವರ ಹೆಸರು, ಊರು, ದಿನಾಂಕ, ಹಾಡಿನ ಸಂದರ್ಭ, ಮುದ್ರಿಸಲು ಅವರು ಕೊಟ್ಟ ಒಪ್ಪಿಗೆ, ಇವನ್ನು ಬಾಯಿಂದಲೇ ಹೇಳಿಸಿ. ರಿಜಿಸ್ಟರಿನ ಹಾಳೆ ಹರಿದುಹೋದರೂ ದನಿಯೊಡನೆ ಹೆಸರು ಉಳಿಯುತ್ತದೆ.

ಅಧ್ಯಾಪಕ ಮಹಾಶಯರಲ್ಲಿ ನನ್ನದೊಂದು ವಿನಂತಿ. ಯೋಜನಾ ಪ್ರಬಂಧದ ನಿಯಮಗಳಲ್ಲಿ ಫೈಲಿನ ಗಾತ್ರವನ್ನು ಗೊತ್ತುಪಡಿಸುವಾಗ, ‘ಮೂಲವನ್ನು ಗ್ರಂಥಾಲಯಕ್ಕೆ ಒಪ್ಪಿಸಿ ರಸೀದಿ ಪಡೆಯತಕ್ಕದ್ದು’ ಎಂಬ ಒಂದು ಸಾಲನ್ನು ದಯವಿಟ್ಟು ಸೇರಿಸಬೇಕು. ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದು, ಮೈಸೂರಿನ ಆ ಕೇಂದ್ರದಿಂದ ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಸಲ್ಲುವಂತಾಯಿತು. ಕನ್ನಡ ನಾಡಿನಲ್ಲಿ ದನಿಯ ಕೆಲಸ ಆರಂಭವಾದದ್ದು ಕಾಲೇಜಿನ ಮೇಷ್ಟರೊಬ್ಬರ ಮನೆಯಿಂದ ಎಂಬುದು ನಮಗೆ ಹೆಮ್ಮೆಯ ವಿಷಯ. ಗ್ರಂಥಾಲಯದ ಒಂದು ಮೂಲೆ ನಮ್ಮಲ್ಲಿ ಅಷ್ಟು ಮಾಡಲಾರದೆ?

ಸಹಪಾಠಿಗಳೇ, ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಪರೀಕ್ಷೆಗಳು ಮುಗಿದು ನೀವು ಊರಿನ ಬಸ್ಸು ಹತ್ತುತ್ತಿರುತ್ತೀರಿ. ಊರಿನಲ್ಲಿ ಒಂದು ಸಂಜೆ ಮನೆಯ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಒಪ್ಪಿಗೆ ಕೇಳಿ, ಹೆಸರು ಹೇಳಿಸಿ, ಒಂದು ಪದವನ್ನೋ ಒಂದು ಕಥೆಯನ್ನೋ ಮುದ್ರಿಸಿಕೊಳ್ಳಿ. ಅಟ್ಟದ ಮೇಲೆ ಕ್ಯಾಸೆಟ್ಟಿದ್ದರೆ ಒರೆಸಿ, ತಂಪಾದ ಒಣ ಜಾಗದಲ್ಲಿಡಿ. ಆಮೇಲೆ ಯಾವ ತಾಣಕ್ಕೂ ಏರಿಸಬೇಡಿ, ಯಾವ ರೂಪಕ್ಕೂ ಬದಲಾಯಿಸಬೇಡಿ. ಮಳೆ ಹಿಡಿದು ಕಾಲೇಜು ತೆರೆದಾಗ ಅದನ್ನು ಇದ್ದಂತೆಯೇ ಹೊತ್ತು ತನ್ನಿ. ಬದಲಾಯಿಸುವ ಕೆಲಸವನ್ನು ಇಲ್ಲಿ ಎಲ್ಲರೂ ಕುಳಿತು ಮಾಡೋಣ.